ತಾಂಬೂಲದ ಚೀಲ ಬದಲಾದದ್ದು

ವಸ್ತುಗಳನ್ನು ಕಳೆದುಕೊಳ್ಳುವುದರಲ್ಲಿ ನನಗೆ ಒಳ್ಳೆಯ ಹೆಸರಿದೆ. ನಾನಾಗಿ ಸಂಪಾದಿಸಿದ ಹೆಸರು ಇದೊಂದೇ ಎಂದು ನನ್ನ ಹೆಂಡತಿ ಗಿರಿಜಾ ಬಂದವರಿಗೆಲ್ಲ ಹೇಳುತ್ತಾಳೆ. ಕೊಡೆ, ಟಾರ್ಚು, ಕನ್ನಡಕ ಇವನ್ನೆಲ್ಲ ಯಾರು ಬೇಕಾದರೂ ಕಳೆದುಕೊಳ್ಳಬಹುದು, ಅದರಲ್ಲಿ ಹೆಚ್ಚುಗಾರಿಕೆಯಿಲ್ಲ. ನಾನು ಒಮ್ಮೆ ಸ್ಕೂಟರಿನಲ್ಲಿ ಕೊಪ್ಪದ ಪೇಟೆಗೆ ಹೋಗಿ ಬಸ್ಸಿನಲ್ಲಿ ಮನೆಗೆ ಬಂದಿದ್ದೇನೆ. ಬಂದು, ಉಂಡು, ಮಲಗಿ, ಬೆಳಿಗ್ಗೆ ಎದ್ದು ನೋಡಿ, ಸ್ಕೂಟರ್ ಕಳವಾಗಿದೆಯೆಂದು ದೂರು ಕೊಡಲು ಹೊರಟೆ. ಗಿರಿಜಾ ಗೇಟಿನ ಹತ್ತಿರ ತಡೆದು, "ನಿನ್ನೆ ನೀವು ಬಂದದ್ದು ಎಂತದ್ರಲ್ಲಿ?" ಎಂದು ಕೇಳಿದಳು. ಉತ್ತರ ನನ್ನ ಅಂಗಿಯ ಜೇಬಿನಲ್ಲೇ ಟಿಕೆಟ್ಟಿನ ರೂಪದಲ್ಲಿ ಇತ್ತು.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು. ಮೂವತ್ತು ವರ್ಷವೂ ಮಕ್ಕಳಿಗೆ 'ಕಳೆಯಿರಿ' ಎಂದು ಹೇಳುತ್ತ ಬಂದವನಿಗೆ ಸ್ವಲ್ಪ ಅಭ್ಯಾಸ ಅಂಟಿಕೊಂಡಿದ್ದರೆ ಆಶ್ಚರ್ಯವಿಲ್ಲ. ಇದೇ ಮಾತನ್ನು ನಮ್ಮ ಶಾಲೆಯ ಕನ್ನಡ ಪಂಡಿತ ಸೀತಾರಾಮ ಬೇರೆ ರೀತಿಯಲ್ಲಿ ಹೇಳುತ್ತಿದ್ದ. ಗದ್ದೆಯಲ್ಲಿ ಬೇಡದ್ದೂ ಕಳೆ, ಮುಖದಲ್ಲಿ ಬೇಕಾದದ್ದೂ ಕಳೆ, ಹೊತ್ತು ಹೋಗಿಸುವುದೂ ಕಳೆಯುವುದೇ. ಆದರೆ ವಸ್ತುವಿನ ವಿಷಯಕ್ಕೆ ಬಂದಾಗ ಮಾತ್ರ ನಮ್ಮ ಭಾಷೆ 'ಕಳೆದುಕೊಂಡೆ' ಎನ್ನುತ್ತದೆ. ಈ 'ಕೊಳ್ಳು' ಎಂಬುದು ತನಗಾಗಿ ತಾನು ಮಾಡಿಕೊಳ್ಳುವ ಕೆಲಸಕ್ಕೆ ಸೇರುವಂಥದ್ದು. ತಿಂದುಕೊಂಡೆ, ಉಟ್ಟುಕೊಂಡೆ, ಕಳೆದುಕೊಂಡೆ. ಸಿಕ್ಕುವುದಕ್ಕೆ ಈ ಗೌರವವಿಲ್ಲ. 'ನಾನು ಸಿಕ್ಕಿಸಿಕೊಂಡೆ' ಎಂದರೆ ಅರ್ಥ ಬೇರೆಯಾಗುತ್ತದೆ. 'ನನಗೆ ಸಿಕ್ಕಿತು' ಎಂದೇ ಹೇಳಬೇಕು. "ಕಳ್ಕೊಳ್ಳೋದು ನೀನು ಮಾರಾಯ, ಸಿಗೋದು ಅದಾಗೇ" ಎಂದು ಸೀತಾರಾಮ ಸ್ಟಾಫ್ ರೂಮಿನಲ್ಲಿ ವ್ಯಾಕರಣದ ಮೂಲಕ ನನ್ನ ಮೇಲೆ ಆರೋಪ ಹೊರಿಸುತ್ತಿದ್ದ.

ನಮ್ಮ ಕಡೆ ಕಳೆದದ್ದು ಸಾಮಾನ್ಯವಾಗಿ ಸಿಗುತ್ತದೆ. ಅದೇ ತೊಂದರೆ. ದೊಡ್ಡ ಊರಿನಲ್ಲಿ ಕೊಡೆ ಹೋದರೆ ಹೋಯಿತು, ವಿಷಯ ಮುಗಿಯಿತು. ಇಲ್ಲಿ ಹೋಟೆಲಿನಲ್ಲಿ ಬಿಟ್ಟ ಕೊಡೆ ಮೂರನೆಯ ದಿನ ಮನೆಗೆ ಬರುತ್ತದೆ. ತಂದವರು ಅದನ್ನು ಕೊಟ್ಟು ಹೋಗುವುದಿಲ್ಲ, ಕೂತು ಕಾಫಿ ಕುಡಿದು, ಕೊಡೆ ಎಲ್ಲಿತ್ತು, ಯಾರು ನೋಡಿದರು, ನೋಡಿದವರು ಏನೆಂದರು ಎಂಬುದನ್ನೂ ಕೊಟ್ಟು ಹೋಗುತ್ತಾರೆ. ಹೀಗೆ ನನ್ನ ವಸ್ತುಗಳೆಲ್ಲ ವಾಪಸು ಬಂದಿವೆ, ಹೆಸರು ಮಾತ್ರ ಬಂದಿಲ್ಲ.

ಈಗ ಹೇಳಹೊರಟದ್ದು ಹೋದ ವರ್ಷ ಬದಲಾದ ಒಂದು ಚೀಲದ ವಿಷಯ. ಅದು ನನ್ನ ತಪ್ಪಲ್ಲ. ಅಥವಾ ನನ್ನೊಬ್ಬನ ತಪ್ಪಲ್ಲ.

ಜಯಪುರದಲ್ಲಿ ನನ್ನ ಹಳೆಯ ಸಹೋದ್ಯೋಗಿಯೊಬ್ಬರ ಮಗಳ ಮದುವೆ. ಗಿರಿಜಾಳಿಗೆ ಮೊಣಕಾಲು ನೋವು, ನಾನೊಬ್ಬನೇ ಹೋಗಿದ್ದೆ. ಊಟ ಮುಗಿಸಿ ಹೊರಡುವಾಗ ಬಾಗಿಲಲ್ಲಿ ತಾಂಬೂಲದ ಚೀಲ ಕೊಟ್ಟರು. ಮೆರೂನ್ ಬಣ್ಣದ ಬಟ್ಟೆಯ ಚೀಲ, ಮೇಲೆ ಬಂಗಾರದ ಬಣ್ಣದಲ್ಲಿ ವಧೂವರರ ಹೆಸರು, ಒಳಗೊಂದು ತೆಂಗಿನಕಾಯಿ. ತಾಂಬೂಲದ ಚೀಲ ಸಿಕ್ಕಿದ ಕೂಡಲೇ ಕೈಯಲ್ಲಿದ್ದದ್ದನ್ನೆಲ್ಲ ಅದರೊಳಗೆ ತುಂಬುವುದು ಮನುಷ್ಯ ಸ್ವಭಾವ. ನಾನು ನನ್ನ ಡೈರಿ, ಕನ್ನಡಕದ ಖಾಲಿ ಡಬ್ಬಿ, ಮಡಚಿದ ಶಾಲು, ಮತ್ತು ಬಾಳೆಲೆಯ ತುಂಡಿನಲ್ಲಿ ಸುತ್ತಿದ ಎರಡು ಹೋಳಿಗೆಗಳನ್ನು ಹಾಕಿದೆ. ಹೋಳಿಗೆಯ ವಿಷಯ ಗಿರಿಜಾಳಿಗೆ ಗೊತ್ತಾಗಬೇಕಾಗಿರಲಿಲ್ಲ. ಡಾಕ್ಟರಿಗೆ ಕೂಡ.

ನಾನು ಹತ್ತಿದ್ದು ಜಯಪುರದಿಂದ ಕೊಪ್ಪದ ಮೇಲೆ ಎನ್.ಆರ್. ಪುರಕ್ಕೆ ಹೋಗುವ ಬಸ್ಸು. ಅರ್ಧ ಬಸ್ಸು ಮದುವೆಯ ಜನ. ತಲೆಯ ಮೇಲಿನ ಕಂಬಿಯಲ್ಲಿ ಒಂದರ ಪಕ್ಕ ಒಂದು ಮೆರೂನ್ ಚೀಲ. ನಮ್ಮ ಮನೆ ಕೊಪ್ಪ ದಾಟಿ ಎರಡು ಮೈಲಿ, ಎನ್.ಆರ್. ಪುರದ ರಸ್ತೆಯಲ್ಲೇ. ಅಲ್ಲಿ ಸ್ಟಾಪಿಲ್ಲ, ಡ್ರೈವರಿನ ದಯೆಯಿದೆ. ದಯೆ ಬಹಳ ಹೊತ್ತು ಇರುವುದಿಲ್ಲವಾದ್ದರಿಂದ ನಾನು ಕೈಗೆ ಸಿಕ್ಕ ಚೀಲ ಎಳೆದುಕೊಂಡು ಇಳಿದೆ.

ಮನೆಗೆ ಬಂದು, ಗಿರಿಜಾ ಹಿತ್ತಲಿಗೆ ಹೋದದ್ದನ್ನು ನೋಡಿಕೊಂಡು, ಹೋಳಿಗೆಗೆ ಕೈ ಹಾಕಿದೆ. ಕೈಗೆ ಸಿಕ್ಕಿದ್ದು ಒಂದು ಅಳತೆ ಟೇಪು. ಅದರ ಕೆಳಗೆ ಹುಕ್ಕುಗಳ ಡಬ್ಬಿ, ಒಂದು ಸಣ್ಣ ಕತ್ತರಿ, ಮತ್ತು ರಬ್ಬರ್ ಬ್ಯಾಂಡ್ ಹಾಕಿದ ದಪ್ಪ ಡೈರಿ. ಡೈರಿಯ ರಟ್ಟಿನ ಮೇಲೆ ಎನ್.ಆರ್. ಪುರದ ಒಂದು ಗೊಬ್ಬರದ ಅಂಗಡಿಯ ಹೆಸರಿತ್ತು. ತೆರೆದರೆ ಪುಟಪುಟವೂ ಅಂಕಿ. ಗಣಿತದವನಲ್ಲವೇ, ಅಂಕಿ ಕಂಡು ಸ್ವಲ್ಪ ಹೊತ್ತು ಸಂತೋಷದಿಂದಲೇ ನೋಡಿದೆ. ಭುಜ, ತೋಳು, ಉದ್ದ ಎಂಬ ಶಬ್ದಗಳು ಕಂಡ ಮೇಲೆ ಅದೇನೆಂದು ತಿಳಿಯಿತು. ಯಾರೋ ಟೈಲರಿನ ಅಳತೆ ಪುಸ್ತಕ. ನಿವೃತ್ತ ಮೇಷ್ಟ್ರೊಬ್ಬ ಎನ್.ಆರ್. ಪುರದ ಅರ್ಧ ಊರಿನ ಹೆಂಗಸರ ರವಿಕೆಯ ಅಳತೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿರುವಾಗ ಹೆಂಡತಿ ಒಳಗೆ ಬಂದಳು.

ನಾನು ವಿಷಯ ವಿವರಿಸಿದೆ. ಗಿರಿಜಾ ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು, ಇದು ಹೆಂಗಸರ ಅಳತೆ, ಇದನ್ನು ಬೇರೆಯವರು ನೋಡಬಾರದು ಎಂದಳು. ಹಾಗೆಂದು ತಾನು ಒಂದು ಗಂಟೆ ನೋಡಿದಳು. ಯಾರದಾದರೂ ಫೋನ್ ನಂಬರಿದೆಯೇ ಎಂದು ಹುಡುಕುತ್ತಿದ್ದೇನೆ ಎಂಬುದು ಅವಳ ಸಮಜಾಯಿಷಿ. ನಂಬರಿರಲಿಲ್ಲ, ಸರಿಯಾದ ಹೆಸರುಗಳೂ ಇರಲಿಲ್ಲ. 'ಬ್ಯಾಂಕ್ ಮೇಡಂ', 'ಹಾಲಿನ ಡೈರಿ ಅಕ್ಕ', 'ಮೂಲೆಮನೆ ದೊಡ್ಡಮ್ಮ' ಎಂದು ಬರೆದಿತ್ತು. ಒಂದು ಕಡೆ 'ಬಿಗಿ ಬೇಕು ಅಂತಾರೆ, ಮಾಡಬಾರದು' ಎಂದಿತ್ತು. ಇನ್ನೊಂದು ಪುಟದ ಮೇಲೆ ಬರೀ 'ಜಗಳ' ಎಂದಿತ್ತು, ಕೆಳಗೆ ಅಳತೆಗಳು.

"ಇಲ್ನೋಡಿ" ಎಂದು ಗಿರಿಜಾ ಮೊದಲ ಪುಟ ತೋರಿಸಿದಳು. ಅದು ಬೇರೆ ಯಾವುದೋ ಹಳೆಯ ಪುಸ್ತಕದಿಂದ ಕತ್ತರಿಸಿ ತಂದು ಅಂಟಿಸಿದ ಹಾಳೆ. ಮೇಲೆ 'ಸನಾ' ಎಂಬ ಹೆಸರು. ಕೆಳಗೆ ಸಾಲಾಗಿ ಅಳತೆಗಳು, ಒಂದೊಂದು ಸಾಲೂ ಒಂದೊಂದು ಶಾಯಿಯಲ್ಲಿ. ಮೊದಲ ಸಾಲಿನಲ್ಲಿ ಫ್ರಾಕಿನ ಉದ್ದ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು. ಪ್ರತಿ ಸಾಲಿನ ಪಕ್ಕದಲ್ಲೂ 'ಹಬ್ಬಕ್ಕೆ' ಎಂದಿತ್ತು. ಕೂಸು ಬೆಳೆಯುತ್ತಾ ಹೋಗಿತ್ತು. ಒಂದು ವರ್ಷ ನಾಲ್ಕು ಇಂಚು ಒಟ್ಟಿಗೆ ಬೆಳೆದಿತ್ತು, ಆಮೇಲೆ ನಿಧಾನವಾಗಿ, ಕೊನೆಯ ಮೂರು ಸಾಲು ಒಂದೇ ಅಳತೆ. ಅದನ್ನು ನೋಡಿದ ಮೇಲೆ ಗಿರಿಜಾ ಪುಸ್ತಕ ಮುಚ್ಚಿ ರಬ್ಬರ್ ಬ್ಯಾಂಡ್ ಹಾಕಿದಳು. "ಬೇರೆ ಅಳತೆ ಇನ್ನೊಂದ್ಸಲ ತಗೊಬಹುದು. ಇದನ್ನ ಎಲ್ಲಿ ತಗೊಳ್ತಾರೆ? ನಾಳೆ ಬೆಳಿಗ್ಗೆನೇ ಹೋಗಿ ಕೊಟ್ಟು ಬನ್ನಿ" ಎಂದಳು.

ಮದುವೆ ಮನೆಗೆ ಫೋನ್ ಮಾಡಿದೆ. ಮದುಮಗಳ ರವಿಕೆ ಸರಿಮಾಡಲು ಎನ್.ಆರ್. ಪುರದಿಂದ ಒಬ್ಬ ಟೈಲರ್ ಬಂದದ್ದು ಹೌದು, ಹೆಸರು ತಮ್ಮ ಹೆಂಡತಿಗೆ ಗೊತ್ತು, ಹೆಂಡತಿ ಮಗಳ ಜೊತೆ ಬೀಗರ ಮನೆಗೆ ಹೋಗಿದ್ದಾಳೆ, ಅಲ್ಲಿ ನೆಟ್‌ವರ್ಕ್ ಇಲ್ಲ ಎಂದು ನನ್ನ ಸಹೋದ್ಯೋಗಿ ಹೇಳಿದರು. ಗಿರಿಜಾ ಚೀಲದ ಫೋಟೋ ತೆಗೆದು ವಾಟ್ಸಾಪಿನ ಗುಂಪಿಗೆ ಹಾಕಿ, 'ಈ ಚೀಲ ಯಾರದ್ದು?' ಎಂದು ಕೇಳಿದಳು. 'ನಮ್ಮನೇಲೂ ಒಂದಿದೆ' ಎಂದು ರಾತ್ರಿಯವರೆಗೆ ಉತ್ತರ ಬರುತ್ತಲೇ ಇತ್ತು.

ಗಿರಿಜಾ ನನ್ನ ಚೀಲದಲ್ಲೇನಿತ್ತು ಎಂದು ಕೇಳಿದಾಗ ನಾನು ಡೈರಿ, ಡಬ್ಬಿ, ಶಾಲು ಎಂದಷ್ಟೇ ಹೇಳಿದೆ. ಹೋಳಿಗೆಯನ್ನು ಬಿಟ್ಟದ್ದು ನಿಮಗೆ ಅರ್ಥವಾಗಿರಬಹುದು. ಆದರೆ ಬಿಟ್ಟದ್ದು ಅದೊಂದೇ ಅಲ್ಲ. ಡೈರಿಯೊಳಗೆ ಒಂದು ಪತ್ರವಿತ್ತು. ಅಂಟಿಸಿ, ಸ್ಟಾಂಪು ಹಚ್ಚಿ, ವಿಳಾಸ ಬರೆದ ಲಕೋಟೆ. ವಿಳಾಸ ಸೀತಾರಾಮನದು, ಶೃಂಗೇರಿ.

ಇಲ್ಲಿ ಸ್ವಲ್ಪ ಹಿಂದೆ ಹೋಗಬೇಕು. ನಾನೂ ಸೀತಾರಾಮನೂ ಒಂದೇ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಇದ್ದವರು. ಒಂದು ವರ್ಷ ನಾನು ಅರ್ಧವಾರ್ಷಿಕ ಪರೀಕ್ಷೆಯ ಉತ್ತರ ಪತ್ರಿಕೆಗಳ ಕಟ್ಟನ್ನು ಬಸ್ಸಿನಲ್ಲಿ ಬಿಟ್ಟು ಇಳಿದುಬಿಟ್ಟೆ. ನಲವತ್ತೆರಡು ಮಕ್ಕಳ ಪತ್ರಿಕೆ. ಬಸ್ಸು ಶೃಂಗೇರಿಯ ಕಡೆ ಹೋಯಿತು. ನಾನು ರಸ್ತೆಯ ಬದಿಯಲ್ಲಿ ಕೂತುಬಿಟ್ಟೆ. ಸೀತಾರಾಮ ಏನೂ ಮಾತಾಡದೆ ಸ್ಕೂಟರ್ ಒದ್ದು ಹೊರಟ. ಹರಿಹರಪುರದಲ್ಲಿ ಬಸ್ಸಿಗೆ ಅಡ್ಡ ನಿಲ್ಲಿಸಿ ಕಟ್ಟನ್ನು ತಂದ. ಕಂಡಕ್ಟರ್ ಅದರ ಮೇಲೆ ಕೂತಿದ್ದರಂತೆ. "ಯಾರಿಗೂ ಹೇಳೋದಿಲ್ಲ, ಹೋಗು" ಎಂದ. ಹದಿನೈದು ವರ್ಷ ಹೇಳಲಿಲ್ಲ. ಹದಿನಾರನೆಯ ವರ್ಷ, ನನ್ನ ಬೀಳ್ಕೊಡುಗೆ ಸಮಾರಂಭದಲ್ಲಿ, ಮೈಕಿನಲ್ಲಿ ಹೇಳಿದ. ನಮ್ಮ ಗಣಿತದ ಮೇಷ್ಟ್ರು ಒಂದೇ ಸಲಕ್ಕೆ ನಲವತ್ತೆರಡನ್ನು ಕಳೆದವರು ಎಂದ. ಸಭೆ ನಕ್ಕಿತು. ಹೆಡ್‌ಮಾಸ್ಟರು ನಕ್ಕರು. ಮಕ್ಕಳ ತಂದೆತಾಯಂದಿರು ನಕ್ಕರು. ಮುಂದಿನ ಸಾಲಿನಲ್ಲಿ ಗಿರಿಜಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನನ್ನ ಕೊರಳಿನಲ್ಲಿ ಹಾರವಿತ್ತು, ನಾನೂ ನಕ್ಕೆ.

ಅದರ ನಂತರ ನಾನು ಅವನ ಫೋನ್ ಎತ್ತಲಿಲ್ಲ. ಕೆಲವು ತಿಂಗಳ ಮೇಲೆ ಅವನು ಮಾಡುವುದನ್ನೂ ಬಿಟ್ಟ. ಅವನೂ ನಿವೃತ್ತನಾಗಿ ಶೃಂಗೇರಿಗೆ ಹೋದ. ಆರು ವರ್ಷ. ಈ ಆರು ವರ್ಷದಲ್ಲಿ ನಾನು ಆ ಪತ್ರವನ್ನು ಬರೆದು, ಹರಿದು, ತಿದ್ದಿ, ಕೊನೆಗೆ ಮೂರು ಪುಟಕ್ಕೆ ನಿಲ್ಲಿಸಿದ್ದೆ. ಪೇಟೆಗೆ ಹೋದಾಗಲೆಲ್ಲ ತೆಗೆದುಕೊಂಡು ಹೋಗುತ್ತಿದ್ದೆ. ಅಂಚೆ ಡಬ್ಬಿಯ ಬಾಯಿಯವರೆಗೆ ಕೈ ಹೋಗುತ್ತಿತ್ತು, ಅಲ್ಲಿಂದ ವಾಪಸು ಬರುತ್ತಿತ್ತು. ಹಾಕಿದರೆ ಸ್ನೇಹ ಮುಗಿಯುತ್ತದೆ ಎಂಬ ಭಯ. ಮುಗಿದು ಆರು ವರ್ಷವಾಗಿತ್ತು ಎಂಬುದು ಬೇರೆ ಮಾತು.

ನನ್ನ ಡೈರಿಯಲ್ಲಿ ನನ್ನ ಹೆಸರು, ವಿಳಾಸ ಬರೆಯಲು ಒಂದು ಪುಟವಿದೆ. ಬರೆಯಬೇಕೆಂದುಕೊಂಡ ದಿನ ಕನ್ನಡಕ ಸಿಕ್ಕಿರಲಿಲ್ಲ. ಲಕೋಟೆಯ ಹಿಂದೆ ಕಳಿಸಿದವರ ವಿಳಾಸವನ್ನೂ ಬರೆದಿರಲಿಲ್ಲ, ಒಳಗೆ ಓದಿದರೆ ಯಾರೆಂದು ಅವನಿಗೇ ತಿಳಿಯುತ್ತದೆ ಎಂದು. ಅಂದರೆ ಇಡೀ ಚೀಲದಲ್ಲಿದ್ದ ವಿಳಾಸ ಒಂದೇ. ಇದು ಆ ರಾತ್ರಿ ನನಗೆ ಹೊಳೆಯಲಿಲ್ಲ.

ಮರುದಿನ ಎನ್.ಆರ್. ಪುರದಲ್ಲಿ ಇಳಿದು ಮೊದಲು ಕಂಡ ಟೈಲರ್ ಅಂಗಡಿಗೆ ಹೋದೆ. "ಇದು ನಿಮ್ಮ ಪುಸ್ತಕವಾ?" ಎಂದು ಕೇಳಿದೆ. ಒಳಗಿದ್ದವರು ಪುಸ್ತಕವನ್ನು ಕಂಡ ರೀತಿ ನೋಡಿದರೆ ಹಸಿದವನ ಮುಂದೆ ಎಲೆ ಹಾಕಿದಂತಿತ್ತು.

"ಹೌದು, ನಂದೇ. ಅಲ್ಲಿ ಇಟ್ಟು ಹೋಗಿ."

"ಹಾಗಾದ್ರೆ ಇದರಲ್ಲಿ ಯಾರ್ಯಾರದ್ದಿದೆ, ಹೇಳಿ."

ಅವರು ಸ್ವಲ್ಪ ಯೋಚಿಸಿ, "ಹೆಂಗಸರದ್ದು" ಎಂದರು.

ಉತ್ತರ ತಪ್ಪಲ್ಲ, ಆದರೆ ಅಂಕ ಕೊಡಲಾಗಲಿಲ್ಲ. ನಾನು ಪುಸ್ತಕವನ್ನು ಕಂಕುಳಿಗೆ ಸೇರಿಸಿಕೊಂಡು ಹೊರಬಂದೆ. ಎದುರಿನ ಹಣ್ಣಿನ ಅಂಗಡಿಯವರು ನನ್ನ ಕೈಯ ಮೆರೂನ್ ಚೀಲ ನೋಡಿ, "ನಿನ್ನೆ ಇಸ್ಮಾಯಿಲ್ ಭಾಯಿ ಇಂತದ್ದೇ ಹಿಡ್ಕೊಂಡು ಬಂದ್ರಪ್ಪ, ಮುಖ ಇಷ್ಟು ಮಾಡ್ಕೊಂಡು" ಎಂದು ಒಂದು ಒಣಗಿದ ಮೂಸಂಬಿಯನ್ನು ತೋರಿಸಿದರು. ಆಮೇಲೆ ದಾರಿಯನ್ನೂ ತೋರಿಸಿದರು.

ಇಸ್ಮಾಯಿಲ್ ಅವರ ಅಂಗಡಿ ಒಂದು ಸಣ್ಣ ಓಣಿಯಲ್ಲಿ. ಎರಡು ಮೆಷಿನ್, ಒಂದರ ಮುಂದೆ ಅವರ ಹೆಂಡತಿ ಜುಬೇದಾ ರವಿಕೆಗೆ ಹುಕ್ಕು ಹಚ್ಚುತ್ತ ಕೂತಿದ್ದರು. ಇನ್ನೊಂದು ಖಾಲಿ. ನಾನು ಏನೂ ಹೇಳುವ ಮೊದಲೇ ಅವರ ಕಣ್ಣು ಪುಸ್ತಕದ ಮೇಲೆ ಬಿತ್ತು. ಎದ್ದು ಬಂದು ಎರಡೂ ಕೈಯಲ್ಲಿ ತೆಗೆದುಕೊಂಡರು. ರಬ್ಬರ್ ಬ್ಯಾಂಡ್ ಬಿಚ್ಚಿ ಮೊದಲ ಪುಟ ನೋಡಿ, ಅದನ್ನು ಅಂಗೈಯಲ್ಲಿ ಸವರಿ, ಆಮೇಲೆ ನನ್ನನ್ನು ಕೂರಿಸಿ, ನೀರು ಕೊಟ್ಟು, ಯಾರು, ಎಲ್ಲಿಯವರು ಎಂದು ಕೇಳಿಕೊಂಡರು.

"ನಿನ್ನೆಯಿಂದ ಊಟ ಮಾಡಿಲ್ಲ ಸಾರ್ ಅವ್ರು. ಭಾನ್ವಾರ ಇನ್ನೊಂದು ಮದ್ವೆ ಇದೆ, ಬಟ್ಟೆ ಎಲ್ಲ ಬಂದು ಕೂತಿದೆ. ಅಳತೆ ಇಲ್ದೆ ಕತ್ತರಿ ಹಾಕೋದು ಹೆಂಗೆ? ಆದ್ರೆ ಅದಲ್ಲ..." ಎಂದು ಜುಬೇದಾ ಆ ಹಾಳೆಯ ಕಡೆ ನೋಡಿದರು. "ಮಗ್ಳು ಸಾರ್. ಈಗ ಶಿವಮೊಗ್ಗದಲ್ಲಿ ನರ್ಸಿಂಗ್ ಓದ್ತಾಳೆ. ಈಗ ರೆಡಿಮೇಡೇ ಹಾಕೋದು. ಆದ್ರೂ ಹಬ್ಬಕ್ಕೆ ಬಂದಾಗ ಅಳತೆ ತಗೊಳ್ದೆ ಬಿಡೋದಿಲ್ಲ."

"ಅವರೆಲ್ಲಿ?" ಎಂದೆ.

"ನಿಮ್ಮ ಚೀಲ ಕೊಡೋಕೆ ಹೋಗಿದಾರೆ. ಶೃಂಗೇರಿಗೆ."

ನನ್ನ ಕೈಯಲ್ಲಿದ್ದ ನೀರಿನ ಲೋಟವನ್ನು ಕೆಳಗಿಟ್ಟೆ.

ಜುಬೇದಾ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು. "ರೀ, ಪುಸ್ತಕ ಸಿಕ್ತು! ಕೊಪ್ಪದ ಮೇಷ್ಟ್ರು ಅಂಗ್ಡಿಗೇ ತಂದ್ಕೊಟ್ರು."

"ಸನಾದು ಹಾಳೆ?" ಎಂದು ಇಸ್ಮಾಯಿಲ್ ಕೇಳಿದರು.

"ಇದೆ. ಅಂಟಿಸಿದ್ದು ಹಂಗೇ ಇದೆ."

ಮೂಗು ಎಳೆದುಕೊಂಡ ಸದ್ದು ಕೇಳಿಸಿತು. ಒಬ್ಬ ಮನುಷ್ಯ ಚೇತರಿಸಿಕೊಳ್ಳಲು ಎಷ್ಟು ಹೊತ್ತು ಕೊಡಬೇಕೋ ಅಷ್ಟು ಕೊಟ್ಟು, ನಾನು ಫೋನ್ ತೆಗೆದುಕೊಂಡೆ.

"ನನ್ನ ಚೀಲ..."

"ನಿಮ್ದಾ ಸಾರ್? ಭದ್ರವಾಗಿದೆ ಸಾರ್. ಒಳಗೆ ಹೆಸ್ರು ಇಲ್ಲ, ನಂಬರ್ ಇಲ್ಲ. ಒಂದು ಕಾಗ್ದ ಇತ್ತಲ್ಲ, ಅದ್ರ ಮೇಲೆ ಅಡ್ರೆಸ್ ಇತ್ತು. ಚೀಲ ಅವ್ರದ್ದೇ ಇರಬೋದು, ಇಲ್ದಿದ್ರೂ ಯಾರದ್ದು ಅಂತ ಗೊತ್ತಿರಬೋದು ಅಂತ ಬೆಳಿಗ್ಗೆ ಫಸ್ಟ್ ಬಸ್ಸಿಗೆ ಬಂದ್ಬಿಟ್ಟೆ."

ಆ ಫಸ್ಟ್ ಬಸ್ಸು ನಮ್ಮ ಮನೆಯ ಎದುರಿನಿಂದಲೇ ಹೋಗುತ್ತದೆ. ಆ ಹೊತ್ತಿಗೆ ನಾನು ಗೇಟಿನಲ್ಲಿ ನಿಂತು ಹಲ್ಲುಜ್ಜುತ್ತಿದ್ದೆ. ನೋಡಿದ ನೆನಪೂ ಇದೆ.

"ಕಾಗದ ಕೊಟ್ಟಾಯ್ತಾ?" ಎಂದೆ.

"ಕೊಟ್ಟಾಯ್ತು ಸಾರ್. ಓದ್ತಾ ಇದಾರೆ."

"ಹೇಗೆ ಓದ್ತಾ ಇದಾರೆ?"

ಇಸ್ಮಾಯಿಲ್ ಫೋನನ್ನು ಬಾಯಿಗೆ ಹತ್ತಿರ ತಂದು ಮೆಲ್ಲಗೆ ಹೇಳಿದರು. "ಒಂದು ಪುಟ ಆಯ್ತು. ಆಮೇಲೆ ಎದ್ದು ಒಳಗೆ ಹೋದ್ರು. ಕೆಂಪು ಪೆನ್ನು ತಂದ್ರು."

ಸ್ವಲ್ಪ ಹೊತ್ತಿನ ಮೇಲೆ ಇಸ್ಮಾಯಿಲ್ ತಾವೇ ಫೋನ್ ಮಾಡಿದರು. ಹೊರಟಿದ್ದೇವೆ, ನೀವು ಅಲ್ಲೇ ಇರಬೇಕಂತೆ ಎಂದರು. 'ಹೊರಟಿದ್ದೇವೆ' ಎಂಬುದು ಬಹುವಚನವೋ ಗೌರವವೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಶೃಂಗೇರಿಯಿಂದ ಎನ್.ಆರ್. ಪುರಕ್ಕೆ ಬರಬೇಕಾದರೆ ಕೊಪ್ಪದಲ್ಲಿ ಬಸ್ಸು ಬದಲಿಸಬೇಕು, ಎರಡು ಗಂಟೆಗೆ ಕಡಿಮೆಯಿಲ್ಲ. ಓಡಿಹೋಗಬಹುದಾಗಿತ್ತು. ಯೋಚಿಸಿದೆ ಕೂಡ. ಆದರೆ ಜುಬೇದಾ, "ಸಾರ್, ಸುಮ್ನೆ ಕೂರೋ ಬದ್ಲು ಸ್ವಲ್ಪ ಓದಿ ಹೇಳ್ತೀರಾ? ನಂಗೆ ಅವ್ರ ಅಕ್ಷರ ತಿಳಿಯೋದಿಲ್ಲ. ನಾನು ಗುರ್ತು ಹಾಕ್ಕೊಂಡು ಹೋಗ್ತೀನಿ" ಎಂದು ಬಟ್ಟೆ ಹರಡಿದರು. ನಾನು ಪುಸ್ತಕ ಹಿಡಿದು ತರಗತಿಯ ಧ್ವನಿಯಲ್ಲಿ ಓದತೊಡಗಿದೆ. ಭುಜ, ಹದಿನಾಲ್ಕು. ತೋಳು, ಒಂಬತ್ತು. ಅವರು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ಇಷ್ಟು ಗಮನವಿಟ್ಟು ಕೇಳುವ ವಿದ್ಯಾರ್ಥಿ ಮೂವತ್ತು ವರ್ಷದಲ್ಲಿ ನನಗೆ ಸಿಕ್ಕಿರಲಿಲ್ಲ.

ಆಗ ಒಬ್ಬ ಹೆಂಗಸು ರವಿಕೆ ಕೇಳಿಕೊಂಡು ಬಂದಳು. ನನ್ನನ್ನು ನೋಡಿ ನಿಂತಳು. "ಸಾರ್! ನೀವಾ? ನಂಗೆ ಹತ್ತನೇ ಕ್ಲಾಸಲ್ಲಿ ಲೆಕ್ಕ ಹೇಳಿಕೊಟ್ಟಿದ್ರಿ. ಇಲ್ಲೆಂತ ಮಾಡ್ತಾ ಇದೀರಿ?"

ಸತ್ಯವಾದ ಉತ್ತರ ತುಂಬ ಉದ್ದವಿತ್ತು. "ಸುಮ್ಮನೆ, ಒಂದು ಸಹಾಯ" ಎಂದೆ. ಜುಬೇದಾ ಅವಳ ಕಡೆ ತಿರುಗಿ, "ನಿಮ್ದೇ ಓದ್ತಾ ಇದ್ರು" ಎಂದರು. ನಾನು ಪುಸ್ತಕ ಮುಚ್ಚಿದೆ. ಆಕೆ ನನ್ನ ಕಾಲಿಗೆ ನಮಸ್ಕಾರ ಮಾಡಿ ಬೇಗ ಬೇಗ ಹೋದಳು. ಆ ಮೇಲಿನ ಅಳತೆಗಳನ್ನು ಜುಬೇದಾ ತಾವೇ ಕಷ್ಟಪಟ್ಟು ಓದಿಕೊಂಡರು.

ಮಧ್ಯಾಹ್ನ ಕಳೆದು ಅವರು ಬಂದರು. ನಾನು ಓಣಿಯ ತುದಿಯವರೆಗೆ ಹೋಗಿ ನಿಂತಿದ್ದೆ. ಮುಂದೆ ಇಸ್ಮಾಯಿಲ್, ಸಣಕಲು ಮನುಷ್ಯ, ಕೈಯಲ್ಲಿ ಮೆರೂನ್ ಚೀಲ. ಹಿಂದೆ ಒಬ್ಬ ಮುದುಕ, ಬಲಗಾಲನ್ನು ನೋಡಿಕೊಂಡು ಇಡುತ್ತ, ಗೋಡೆಗೆ ಹತ್ತಿರವಾಗಿ ನಡೆಯುತ್ತಿದ್ದ. ಯಾರೆಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಆರು ವರ್ಷ ನಾನು ಮನಸ್ಸಿನಲ್ಲಿ ಜಗಳವಾಡುತ್ತ ಬಂದಿದ್ದು ಕಪ್ಪು ಕೂದಲಿನ, ಸ್ಕೂಟರ್ ಒದ್ದು ಹೊರಡುವ ಒಬ್ಬ ಸೀತಾರಾಮನ ಜೊತೆಗೆ. ಅವನ ಬದಲು ಇವನನ್ನು ಕಳಿಸಿದ್ದರು. ಇವನಿಗೆ ಬೈಯಲು ನನ್ನ ಹತ್ತಿರ ಏನೂ ಸಿದ್ಧವಿರಲಿಲ್ಲ.

ಇಸ್ಮಾಯಿಲ್ ನನ್ನ ಕೈಗೆ ಚೀಲ ಕೊಟ್ಟು, ಎರಡೂ ಕೈ ಹಿಡಿದು ಒತ್ತಿ, ಅಂಗಡಿಯೊಳಗೆ ಹೋದರು. ಹೋಗಿ ಪುಸ್ತಕ ತೆರೆದು ನಿಂತದ್ದು ಹೊರಗಿನಿಂದ ಕಂಡಿತು. ಜುಬೇದಾ ಅವರ ಮುಂದೆ ತಟ್ಟೆ ತಂದಿಟ್ಟರು.

ಸೀತಾರಾಮ ನನ್ನೆದುರು ನಿಂತು ಉಸಿರು ಸರಿಮಾಡಿಕೊಂಡ. ಜೇಬಿನಿಂದ ಪತ್ರ ತೆಗೆದ.

"ಎರಡನೇ ಪುಟದಲ್ಲಿ ಒಂದು ಶಬ್ದ ಓದ್ಲಿಕ್ಕೆ ಬರ್ಲಿಲ್ಲ. ಕೇಳ್ಕೊಂಡು ಹೋಗುವ ಅಂತ ಬಂದೆ."

ಆರು ವರ್ಷದ ಮೇಲೆ ಅವನು ಆಡಿದ ಮೊದಲ ಮಾತು ಇದು. ಬೆರಳಿಟ್ಟು ತೋರಿಸಿದ. ಶಾಯಿ ಕಲಸಿತ್ತು. "'ನಿನ್ನಂಥ ಕೃತ... ಮನುಷ್ಯನನ್ನು ನಾನು ಕಂಡಿಲ್ಲ' ಅಂತ ಉಂಟು. ಕೃತಘ್ನ ಅಂತಲೂ ಓದಬಹುದು, ಕೃತಜ್ಞ ಅಂತಲೂ ಓದಬಹುದು. ಯಾವ್ದು?"

ನಾನು ಬರೆದದ್ದು ಯಾವುದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಮೂರು ಸಲ ತಿದ್ದಿದ್ದರಿಂದಲೇ ಶಾಯಿ ಕಲಸಿದ್ದು. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, "ನೆನಪಿಲ್ಲ" ಎಂದೆ.

"ಹಾಗಾದ್ರೆ ಅದು ಲೆಕ್ಕಕ್ಕಿಲ್ಲ" ಎಂದ. "ಮತ್ತೆ, ಧೂರ್ತ ಅಂತ ಕರ್ದಿದೀಯ. ಕರಿ, ಬೇಡ ಅನ್ನೋದಿಲ್ಲ. ಆದ್ರೆ ನೀನು ಬರ್ದದ್ದು ದೂರ್ತ. ಅಲ್ಪಪ್ರಾಣದಲ್ಲಿ ಬೈದ್ರೆ ತಾಗೋದಿಲ್ಲ ಮಾರಾಯ."

ಜುಬೇದಾ ನಮ್ಮಿಬ್ಬರಿಗೂ ಚಹಾ ತಂದುಕೊಟ್ಟರು. ಚೀಲದಲ್ಲಿದ್ದ ಹೋಳಿಗೆ ಕೆಡುತ್ತದೆಂದು ತಾವು ತಿಂದದ್ದಾಗಿ ಸಂಕೋಚದಿಂದ ಹೇಳಿದರು. ಒಳ್ಳೆಯದಾಯಿತು ಎಂದೆ. ಆ ಮಾತು ಮನಸ್ಸಿನಿಂದ ಬಂದದ್ದಲ್ಲ.

ಕೊಪ್ಪದ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತೆವು. ಅವನು ಕಿಟಕಿಯ ಕಡೆ. ಸ್ವಲ್ಪ ದೂರ ಹೋದ ಮೇಲೆ ಅವನು ಹೊರಗೆ ನೋಡುತ್ತಲೇ ಹೇಳಿದ. "ನಾನು ಅವತ್ತು ಅದನ್ನ ಹೇಳಿದ್ದು ನಿನ್ನ ಮರ್ಯಾದೆ ತೆಗಿಲಿಕ್ಕೆ ಅಲ್ಲ. ಭಾಷಣಕ್ಕೆ ಬೇರೆ ಎಂತೂ ಸಿಕ್ಲಿಲ್ಲ. ಮೂವತ್ತು ವರ್ಷ ಸರಿಯಾಗಿ ಪಾಠ ಮಾಡಿದ್ದು ಬಿಟ್ರೆ ನೀನು ಬೇರೆ ಎಂತ ಮಾಡಿದೀಯ? ಅದನ್ನ ಹೇಳಿದ್ರೆ ಯಾರಾದ್ರೂ ಕೇಳ್ತಾರಾ?"

ನಾನು ಪತ್ರ ತೆರೆದೆ. ಕೆಂಪು ಶಾಯಿಯಲ್ಲಿ ಮೂರು ಪುಟವೂ ತುಂಬಿತ್ತು. 'ವಿಶ್ವಾಸಗಾತ' ಎಂಬಲ್ಲಿ ಗ ಹೊಡೆದು ಘ ಮಾಡಿದ್ದ. 'ಅಹಂಕಾರಿ' ಎಂಬುದರ ಪಕ್ಕದಲ್ಲಿ 'ಈಗಾಗಲೇ ಬಂದಿದೆ' ಎಂದು ಬರೆದಿದ್ದ. ಗಿರಿಜಾ ನಕ್ಕ ವಿಷಯ ಬಂದ ಕಡೆ 'ಇದು ಅವರಿಗೆ ಬರೆಯಬೇಕಾದ ಪತ್ರ' ಎಂದಿತ್ತು. ಒಂದು ಇಡೀ ಪ್ಯಾರಾಕ್ಕೆ ಅಡ್ಡಗೆರೆ ಎಳೆದು 'ಅನವಶ್ಯಕ' ಎಂದಿದ್ದ. ಮತ್ತೊಮ್ಮೆ ಓದಿದಾಗ ನನಗೂ ಹಾಗೆಯೇ ಅನಿಸಿತು.

ಮೂರನೆಯ ಪುಟದ ಕೆಳಗೆ ಒಂದು ವಾಕ್ಯವಿತ್ತು. 'ಎಲ್ಲರೂ ನಕ್ಕಾಗ ನಾನೂ ನಕ್ಕೆ, ಆದರೆ ಮನೆಗೆ ಬಂದ ಮೇಲೆ ನನಗೆ ತುಂಬ ನೋವಾಯಿತು.' ಅದರಲ್ಲಿ ಒಂದು ಅಕ್ಷರವನ್ನೂ ಮುಟ್ಟಿರಲಿಲ್ಲ. ಪಕ್ಕದಲ್ಲಿ ಒಂದು ರೈಟ್ ಗುರುತು ಹಾಕಿದ್ದ. ಇಡೀ ಪತ್ರದಲ್ಲಿ ಅದೊಂದೇ ರೈಟು.

ನಾನು ಅದನ್ನು ಬಹಳ ಹೊತ್ತು ನೋಡಿದೆ. ಸೀತಾರಾಮ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಹೊರಗೆ ನೋಡುವಂಥದ್ದು ಏನೂ ಇರಲಿಲ್ಲ, ಒಂದು ಲಾರಿ ನಿಂತಿತ್ತು.

ನಮ್ಮ ಮನೆ ಬಂತು. ನಾನು ಇಳಿಯಲಿಲ್ಲ. ಗೇಟಿನಲ್ಲಿ ಗಿರಿಜಾ ನಿಂತಿದ್ದಳು, ಕೈ ಬೀಸಿದೆ. ಇಳಿಯುವುದನ್ನೂ ಮರೆತರು ಎಂದು ಅವಳು ಅಂದುಕೊಂಡದ್ದು ಮುಖದಲ್ಲೇ ಕಾಣಿಸಿತು. ಪುಟದ ಕೊನೆಯಲ್ಲಿ, ನನ್ನ ರುಜುವಿನ ಕೆಳಗೆ, ವೃತ್ತದೊಳಗೆ ಅಂಕ ಬರೆದಿದ್ದ. ಹತ್ತಕ್ಕೆ ಆರು. 'ಭಾವ ಇದೆ. ಕಾಗುಣಿತ ಇಲ್ಲ.'

"ಆರು ಕಡಿಮೆಯಾಯ್ತು" ಎಂದೆ. "ಏಳಾದ್ರೂ ಕೊಡಬೇಕು."

"ಮಹಾಪ್ರಾಣ ಎಲ್ಲ ನುಂಗಿದವನಿಗೆ ಏಳು ಎಲ್ಲಿಂದ ಕೊಡೋದು?"

ಕೊಪ್ಪದ ಬಸ್‌ಸ್ಟ್ಯಾಂಡಿನವರೆಗೂ ಇದೇ ಚರ್ಚೆ. ಇಳಿದ ಮೇಲೆ ಶೃಂಗೇರಿಯ ಬಸ್ಸಿನ ಬಾಗಿಲಲ್ಲಿ ನಿಂತು ಇನ್ನಷ್ಟು ಚರ್ಚೆ. ಕಂಡಕ್ಟರ್ ಎರಡು ಸಲ ನಮ್ಮನ್ನು ನೋಡಿ, ಹಣದ ವಿಷಯದ ಜಗಳವೆಂದು ತಿಳಿದು ಸಮಾಧಾನ ಮಾಡಲು ಬಂದ. ಅಂಕದ ವಿಷಯವೆಂದು ಗೊತ್ತಾದ ಮೇಲೆ ಹಿಂದೆ ಸರಿದ. ಬಸ್ಸು ಹೊರಟಿತು. ತಿರುವಿನ ಹತ್ತಿರ ಸೀತಾರಾಮ ಕಿಟಕಿಯಿಂದ ತಲೆ ಹೊರಗೆ ಹಾಕಿ, ಊರಿಗೆಲ್ಲ ಕೇಳುವಂತೆ, "ಆರೂವರೆ! ಅದಕ್ಕಿಂತ ಜಾಸ್ತಿ ಆಗೋದಿಲ್ಲ!" ಎಂದು ಕೂಗಿದ.

ನಾನು ಒಪ್ಪಿಲ್ಲ. ಮರುಮೌಲ್ಯಮಾಪನಕ್ಕೆಂದು ಮುಂದಿನ ಭಾನುವಾರವೇ ಶೃಂಗೇರಿಗೆ ಹೋದೆ. ಇನ್ನೂ ಇತ್ಯರ್ಥವಾಗಿಲ್ಲ, ಭಾನುವಾರಗಳಲ್ಲಿ ಹೋಗುತ್ತಲೇ ಇದ್ದೇನೆ.